ನಿಮ್ಮೂರ ಭೂಕಂಪ ಯಾರು ಮಾಡಿದ್ರು?

2025ರ ನವೆಂಬರ್ 14ರ ರಾತ್ರಿ, ಒಂದು ಗಂಟೆ ದಾಟಿತ್ತು. ಮೊದಲು ಬಂದದ್ದು ಸದ್ದು. ದೊಡ್ಡ ಲಾರಿ ಬಂದು ಗೋಡೆಗೆ ಗುದ್ದಿದ ಹಾಗೆ. ಆಮೇಲೆ ಮಂಚ ಅಲುಗಾಡಿತು, ಕಪಾಟಿನ ಗಾಜು ಗಲಗಲ ಅಂತು. ಎಲ್ಲ ಸೇರಿ ಕೆಲವೇ ಸೆಕೆಂಡು. ಅಷ್ಟರಲ್ಲಿ ನಾನು ಮಗಳನ್ನು ಎತ್ತಿಕೊಂಡು ಮೆಟ್ಟಿಲು ಇಳಿದು, ಬಾಗಿಲು ತೆಗೆದು ರಸ್ತೆಯಲ್ಲಿ ನಿಂತಿದ್ದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನೆಲ ಮಂಜಿನ ಹಾಗೆ ತಣ್ಣಗಿತ್ತು. ನನ್ನ ಗಂಡ ಹಿಂದಿನಿಂದ ಬಂದು ಇಬ್ಬರಿಗೂ ಜಾಕೆಟ್ ಹೊದಿಸಿದರು.

ರಸ್ತೆಗೆ ಬೇರೆ ಯಾರೂ ಬಂದಿರಲಿಲ್ಲ. ಒಂದೊಂದೇ ಮನೆಯಲ್ಲಿ ದೀಪ ಹತ್ತಿತು. ಪಕ್ಕದ ಮನೆಯ ಅಜ್ಜಿ ಮಾತ್ರ ಟಾರ್ಚ್ ಹಿಡಿದುಕೊಂಡು ತಮ್ಮ ಅಡುಗೆಮನೆ ಗೋಡೆ ನೋಡುತ್ತಿದ್ದರು. ಕಿಟಕಿಯಿಂದ ಕಾಣುತ್ತಿತ್ತು.

ಬೆಳಿಗ್ಗೆ ಹೊತ್ತಿಗೆ ಸುದ್ದಿ ಬಂತು. ಝೇರೈಪ್ ಹಳ್ಳಿಯಲ್ಲಿ 3.4 ಪ್ರಮಾಣದ ಭೂಕಂಪ. ನಾವಿರುವ ಅಪ್ಪಿಂಗೆಡಾಮ್ ಅಲ್ಲಿಂದ ದೂರವಿಲ್ಲ. ನೆದರ್ಲೆಂಡ್ಸ್‌ನಲ್ಲಿ ಭೂಕಂಪವಾ ಅಂತ ಊರಿಂದ ಎಲ್ಲರೂ ಕೇಳಿದರು. ಗ್ರೋನಿಂಗೆನ್ ಪ್ರಾಂತ್ಯದಲ್ಲಿ ಇರುವವರಿಗೆ ಇದು ಹೊಸತಲ್ಲ.

ತಿಂಡಿ ತಿನ್ನುವಾಗ ಮಗಳು ಕೇಳಿದಳು, "ಅಮ್ಮ, ಯಾಕ ಹೊರಗ ಓಡಿದಿ? ಓಮಾ ಓಡಲಿಲ್ಲಲ್ಲ." ಪಕ್ಕದ ಮನೆಯ ಅಜ್ಜಿಯನ್ನು ಅವಳು ಓಮಾ ಅಂತಲೇ ಕರೆಯುವುದು. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ದೊಡ್ಡ ಭೂಕಂಪ ಆಗಿತ್ತು, ಅದಕ್ಕೆ ಹೆದರಿಕೆ ಅಂದೆ. ಅವಳು ಬ್ರೆಡ್ ಕೆಳಗಿಟ್ಟು ಕೇಳಿದಳು:

"ನಿಮ್ಮೂರ ಭೂಕಂಪ ಯಾರು ಮಾಡಿದ್ರು?"

"ಯಾರೂ ಮಾಡಂಗಿಲ್ಲ ಪುಟ್ಟಿ. ಅದು ತಾನ ಆಗ್ತದ."

ನಾನು ಏನೋ ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ನೋಡಿದಳು. ಎಂಟು ವರ್ಷದ ಹುಡುಗಿ. ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಅವಳಿಗೆ ಗೊತ್ತಿರುವ ಭೂಕಂಪ ಎಲ್ಲವೂ ಮನುಷ್ಯರು ಮಾಡಿದ್ದು. ತಾನಾಗೇ ಆಗುವ ಭೂಕಂಪ ಅನ್ನುವುದು ಅವಳ ಲೆಕ್ಕದಲ್ಲೇ ಇಲ್ಲ.

ಅವಳದ್ದೇನೂ ತಪ್ಪಿಲ್ಲ. ಇಲ್ಲಿ ನೆಲದ ಕೆಳಗೆ ಸುಮಾರು 3 ಕಿಲೋಮೀಟರ್ ಆಳದಲ್ಲಿ ಮರಳುಗಲ್ಲಿನ ಪದರ ಇದೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಗ್ಯಾಸ್ ತುಂಬಿತ್ತು. 1959ರಲ್ಲಿ ಸ್ಲೊಖ್ಟೆರೆನ್ ಹತ್ತಿರ ಸಿಕ್ಕಿತು, 1963ರಿಂದ ತೆಗೆಯಲು ಶುರು ಮಾಡಿದರು. ಯುರೋಪಿನಲ್ಲೇ ದೊಡ್ಡ ಗ್ಯಾಸ್ ನಿಕ್ಷೇಪ. ಗ್ಯಾಸ್ ಹೊರಗೆ ಬಂದ ಹಾಗೆಲ್ಲ ಒಳಗಿನ ಒತ್ತಡ ಇಳಿಯಿತು. ಮೇಲಿನ ಭಾರಕ್ಕೆ ಆ ಕಲ್ಲು ನಿಧಾನವಾಗಿ ಕುಗ್ಗಿತು. ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಹಳೆಯ ಬಿರುಕುಗಳ ಆಚೆ ಈಚೆ ಹೆಚ್ಚುಕಮ್ಮಿ ಆಗಿ, ಒಂದು ದಿನ ಸರಕ್ಕನೆ ಜಾರುತ್ತದೆ. ಅದೇ ನಮ್ಮ ರಾತ್ರಿಯ ಗುದ್ದು. ಆಳ ಕಡಿಮೆ, ಮೇಲಿನದು ಮೆತ್ತನೆ ಜೇಡಿಮಣ್ಣು. ಹಾಗಾಗಿ 3.4 ಅನ್ನುವ ಸಣ್ಣ ಸಂಖ್ಯೆಯೇ ಇಟ್ಟಿಗೆ ಗೋಡೆಗಳಿಗೆ ಸಾಕು. ಇಲ್ಲಿ ಇದುವರೆಗಿನ ದೊಡ್ಡದು 2012ರ ಆಗಸ್ಟ್‌ನಲ್ಲಿ ಹೌಜಿಂಗೆ ಹಳ್ಳಿಯಲ್ಲಿ ಆದ 3.6.

ಸಂಜೆ ಅಜ್ಜಿಯ ಮನೆಗೆ ಹೋದೆವು. ಕಾಫಿ ಕೊಟ್ಟು, ಗೋಡೆಯ ಹತ್ತಿರ ಕರೆದರು. ಬಿರುಕಿನ ಮೇಲೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದಾರೆ. ಅದು ಎರಡು ತುಂಡು. ಒಂದರ ಮೇಲೆ ಮಿಲಿಮೀಟರ್ ಗೀಟುಗಳ ಚೌಕ, ಇನ್ನೊಂದರ ಮೇಲೆ + ಆಕಾರದ ಕೂಡುಗೆರೆ. ಬಿರುಕು ಅಗಲವಾದರೆ ಕೂಡುಗೆರೆ ಸರಿಯುತ್ತದೆ. ರಾತ್ರಿ ಅಜ್ಜಿ ಟಾರ್ಚ್ ಹಾಕಿ ನೋಡುತ್ತಿದ್ದದ್ದು ಅದನ್ನೇ. ಅರ್ಧ ಗೀಟು ಸರಿದಿತ್ತು. ಕನ್ನಡಕ ಹಾಕಿಕೊಂಡು, ತಾರೀಖು ಸಮೇತ ಒಂದು ದಪ್ಪ ಫೈಲಿನಲ್ಲಿ ಬರೆದುಕೊಂಡಿದ್ದರು.

"ಗ್ಯಾಸ್ ಬಂದಾಗ ನಾನು ಹದಿನೈದರ ಹುಡುಗಿ. ಅಮ್ಮನಿಗೆ ಕಲ್ಲಿದ್ದಲ ಒಲೆಯ ಕಾಟ ತಪ್ಪಿತು ಅಂತ ಎಷ್ಟು ಖುಷಿಪಟ್ಟಿದ್ದೆವು" ಅಂದರು. ಆಮೇಲೆ ಫೈಲು ತೆರೆದರು. ಹಳೆಯ ಕಾಗದಗಳಲ್ಲಿ ಒಂದೇ ಉತ್ತರ. ನಿಮ್ಮ ಮನೆ ಹಳೆಯದು, ಅಡಿಪಾಯ ಸರಿಯಿಲ್ಲ, ಇದು ಭೂಕಂಪದಿಂದ ಆದದ್ದಲ್ಲ. ವರ್ಷಗಟ್ಟಲೆ ಅದೇ ಉತ್ತರ ಓದಿದ್ದಾರೆ ಪಾಪ.

ಇದು ಅವರೊಬ್ಬರ ಕತೆಯಲ್ಲ. 1986ರ ಡಿಸೆಂಬರ್‌ನಲ್ಲಿ ಅಸ್ಸೆನ್ ಪಟ್ಟಣದಲ್ಲಿ ನೆಲ ನಡುಗಿದಾಗ ಮೇಂಟ್ ಫಾನ್ ಡೆರ್ ಸ್ಲೌಸ್ ಅನ್ನುವ ಭೂಗೋಳ ಶಾಸ್ತ್ರಜ್ಞ, ಇದು ಗ್ಯಾಸ್ ತೆಗೆದದ್ದರಿಂದ ಅಂದರು. ದೊಡ್ಡವರು ಅವರನ್ನು ಗೇಲಿ ಮಾಡಿದರು. ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಒಪ್ಪಿದ ಮೇಲೂ ತೆಗೆಯುವುದು ನಿಲ್ಲಲಿಲ್ಲ. 2018ರ ಜನವರಿಯಲ್ಲಿ ಇದೇ ಝೇರೈಪ್‌ನಲ್ಲಿ ಇದೇ 3.4 ಆದ ಮೇಲೆ ಸರ್ಕಾರ ನಿಲ್ಲಿಸುವ ನಿರ್ಧಾರ ಮಾಡಿತು. 2023ರ ಅಕ್ಟೋಬರ್‌ನಲ್ಲಿ ಉತ್ಪಾದನೆ ನಿಂತಿತು, 2024ರಲ್ಲಿ ಕಾನೂನೇ ಬಂತು. 2023ರ ಸಂಸದೀಯ ತನಿಖಾ ವರದಿ, ಗ್ರೋನಿಂಗೆನ್ ಜನರ ಹಿತವನ್ನು ಉದ್ದಕ್ಕೂ ಕಡೆಗಣಿಸಲಾಯಿತು ಅಂತ ನೇರವಾಗಿ ಬರೆಯಿತು. ಅಷ್ಟು ವರ್ಷದಲ್ಲಿ ಸರ್ಕಾರದ ಬೊಕ್ಕಸಕ್ಕೆ ಬಂದ ಗ್ಯಾಸ್ ದುಡ್ಡು ಸುಮಾರು 363 ಶತಕೋಟಿ ಯೂರೋ.

ನಲ್ಲಿ ಮುಚ್ಚಿ ಎರಡು ವರ್ಷ ಆಯಿತಲ್ಲ, ಮತ್ತೆ ಯಾಕೆ ನಡುಗಿತು? ಒಳಗಿನ ಒತ್ತಡ ಎಲ್ಲ ಕಡೆ ಒಂದೇ ಸಮ ಇಲ್ಲ. ಅದು ಸಮ ಆಗುವ ತನಕ ಹೀಗೇ. ಇನ್ನೂ ಎಷ್ಟೋ ವರ್ಷ ಇರುತ್ತದಂತೆ.

ಅಜ್ಜಿಯ ಮನೆಯಿಂದ ಬಂದ ಮೇಲೂ ಮಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ನಮ್ಮೂರು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಹಳ್ಳಿ, ಮಹಾರಾಷ್ಟ್ರದ ಗಡಿಗೆ ಹತ್ತಿರ. 1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಎಲ್ಲರೂ ಗಾಢ ನಿದ್ದೆಯಲ್ಲಿದ್ದೆವು. ನನಗೆ ಒಂಬತ್ತು ವರ್ಷ. ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ನನಗೆ ನೆನಪಿರುವುದು ಎತ್ತುಗಳು ಹಗ್ಗ ಜಗ್ಗಿ ಒದರಿದ್ದು, ಗೂಡಿನಲ್ಲಿದ್ದ ಹಿತ್ತಾಳೆ ಪಾತ್ರೆ ಒಂದರ ಮೇಲೊಂದು ಬಿದ್ದದ್ದು, ಅಜ್ಜ ಕತ್ತಲಲ್ಲಿ ಒಬ್ಬೊಬ್ಬರ ಹೆಸರು ಕೂಗಿದ್ದು. ನಾವೆಲ್ಲ ಉಳಿದೆವು. ಪಡಸಾಲೆಯ ಗೋಡೆ ಮೇಲಿಂದ ಕೆಳಗಿನ ತನಕ ಬಾಯಿ ಬಿಟ್ಟಿತ್ತು.

ಬೆಳಕು ಹರಿದ ಮೇಲೆ ಗಡಿಯಾಚೆಯ ಕಿಲ್ಲಾರಿ ಅನ್ನುವ ಊರಿನ ಹೆಸರು ಕೇಳಿದೆವು. ಊರಿನ ಗಂಡಸರು ರೊಟ್ಟಿ, ನೀರಿನ ಕೊಡ, ಸಲಿಕೆ ಹೇರಿಕೊಂಡು ಟ್ರ್ಯಾಕ್ಟರಿನಲ್ಲಿ ಹೋದರು. ಅಪ್ಪನೂ ಹೋದ. ಮೂರು ದಿನಕ್ಕೆ ಬಂದಾಗ ಅವನ ಎರಡು ಬೆರಳಿನ ಉಗುರು ಇರಲಿಲ್ಲ. ಎರಡು ದಿನ ಮಾತೂ ಇರಲಿಲ್ಲ. ಆಮೇಲೆ ಒಂದೇ ಮಾತು ಆಡಿದ. "ಕಲ್ಲಿಗಿಂತ ಮಣ್ಣೇ ಜಾಸ್ತಿ ಇತ್ತು."

ಅದರ ಅರ್ಥ ನನಗೆ ದೊಡ್ಡವಳಾದ ಮೇಲೆ ಆಯಿತು. ನಮ್ಮ ಕಡೆಯ ಮನೆ ಅಂದರೆ ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಉರುಟು ಕಲ್ಲು, ನಡುವೆ ಬರೀ ಕೆಸರು. ಮೇಲೆ ಕಟ್ಟಿಗೆ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಪ್ರತಿ ವರ್ಷ ಹೊಸ ಮಣ್ಣು ಹಾಕಿ ತುಳಿಯಬೇಕು. ಅಜ್ಜ ಮಣ್ಣು ಎಳೆಯುವಾಗ ನಾವು ಮಕ್ಕಳು ಮೇಲೆ ಕುಣಿಯುತ್ತಿದ್ದೆವು. ಹಳೆಯ ಮಣ್ಣು ಯಾರೂ ತೆಗೆಯುತ್ತಿರಲಿಲ್ಲ. ತಲೆಮಾರಿನ ಮಣ್ಣು ನಮ್ಮ ತಲೆಯ ಮೇಲೆ ಏರುತ್ತಾ ಹೋಯಿತು. ಕಿಲ್ಲಾರಿ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಹೆಚ್ಚಿನವರು ಮಲಗಿದ ಜಾಗದಲ್ಲೇ, ಆ ಮಾಳಿಗೆಯ ಕೆಳಗೆ.

ಆ ಭೂಕಂಪ ಯಾರು ಮಾಡಿದ್ದು? ಊರಲ್ಲಿ ದೇವರ ಸಿಟ್ಟು ಅಂದರು, ಶೇಷ ಹೆಡೆ ಬದಲಿಸಿದ ಅಂದರು. ಭೂಪಟದಲ್ಲಿ ಆ ಜಾಗ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1992ರಲ್ಲಿ, ಕಿಲ್ಲಾರಿಯಲ್ಲಿ ನೆಲ ಹಲವು ಸಲ ನಡುಗಿತ್ತು. ಜನ ಹೆದರಿದ್ದರು. ಹತ್ತಿರದ ಕೆಳ ತೇರಣಾ ಜಲಾಶಯದ ನೀರು ಕಾರಣವೇ ಅಂತ ಕೆಲವು ವಿಜ್ಞಾನಿಗಳು ಅನುಮಾನಪಟ್ಟರು, ಬೇರೆಯವರು ಒಪ್ಪಲಿಲ್ಲ. ನೆಲ ಯಾಕೆ ನಡುಗಿತು ಅನ್ನುವುದು ಚರ್ಚೆಯಲ್ಲಿ ಉಳಿಯಿತು. ಆ ಒಂದು ವರ್ಷದಲ್ಲಿ ಜನರನ್ನು ಆ ಮಾಳಿಗೆ ಕೆಳಗಿಂದ ಹೊರಗೆ ತರಬಹುದಿತ್ತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಈಗ ಇದೇ ಮಾತು. ಭೂಕಂಪ ಯಾಕೆ ಇಷ್ಟು ಜಾಸ್ತಿ ಆಗಿದೆ, ಹುಣ್ಣಿಮೆಗೂ ಅದಕ್ಕೂ ಸಂಬಂಧ ಇದೆಯಾ, ಬೋರ್‌ವೆಲ್ ಕಾರಣವಾ ಅಂತ. 2025ರ ಸುದ್ದಿಯೇ ಹಾಗಿತ್ತು. ಮಾರ್ಚ್‌ನಲ್ಲಿ ಮ್ಯಾನ್ಮಾರ್ 7.7, ಜುಲೈನಲ್ಲಿ ರಷ್ಯಾದ ಕಮ್ಚಟ್ಕಾ 8.8, ಆಗಸ್ಟ್ ಕೊನೆಗೆ ಅಫ್ಘಾನಿಸ್ತಾನ 6.0. ಆದರೆ 7ಕ್ಕಿಂತ ದೊಡ್ಡವು ವರ್ಷಕ್ಕೆ ಸರಾಸರಿ ಹದಿನೈದು ಆಗೇ ಆಗುತ್ತವೆ. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಚಂದ್ರನ ಸೆಳೆತ ತೀರಾ ಸಣ್ಣದು. ಜಾರಲು ತಯಾರಾಗಿ ನಿಂತ ಬಿರುಕಿಗೆ ಅದೊಂದು ಕಿರುಬೆರಳಿನ ತಳ್ಳು, ಅಷ್ಟೇ. ಆ ಪಟ್ಟಿಯಲ್ಲಿ ನನ್ನನ್ನು ಕಾಡಿದ್ದು ಬೇರೆ. ಕಮ್ಚಟ್ಕಾದ್ದು ಅಫ್ಘಾನಿಸ್ತಾನದ್ದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಶಕ್ತಿಯದು. ಸತ್ತವರು ಎರಡು ಸಾವಿರ ದಾಟಿದ್ದು ಅಫ್ಘಾನಿಸ್ತಾನದಲ್ಲಿ. ಕುನಾರ್ ಪ್ರಾಂತ್ಯದ ಆ ಫೋಟೋಗಳಲ್ಲಿ ಉರುಟು ಕಲ್ಲು, ಮಣ್ಣು, ಮುರಿದ ತೊಲೆ. ಅಪ್ಪನ ಮಾತು ಕಿವಿಯಲ್ಲಿ ಕೇಳಿತು.

ಮನುಷ್ಯರು ಮಾಡುವ ಭೂಕಂಪವೂ ನಮಗೆ ದೂರದ್ದಲ್ಲ. ಕೊಯ್ನಾ ಅಣೆಕಟ್ಟು ನಮ್ಮ ಪಕ್ಕದ್ದೇ, ಆ ನದಿ ಕೃಷ್ಣೆಗೆ ಸೇರಿ ನಮ್ಮ ನಾಡಿಗೇ ಬರುತ್ತದೆ. ಜಲಾಶಯ ತುಂಬಿದ ಮೇಲೆ ಅಲ್ಲಿ ನಡುಕ ಶುರುವಾಯಿತು. 1967ರ ಡಿಸೆಂಬರ್ 11ರಂದು 6.3 ಆಯಿತು. ಇಂದಿಗೂ ಮಳೆಗಾಲದಲ್ಲಿ ನೀರು ಏರಿ ಇಳಿದ ಹಾಗೆ ಅಲ್ಲಿನ ನೆಲ ಮಿಸುಕಾಡುತ್ತದೆ. ಅಮೆರಿಕದ ಓಕ್ಲಹೋಮಾದಲ್ಲಿ ಎಣ್ಣೆ ಬಾವಿಗಳ ಕೊಳೆ ನೀರನ್ನು ಆಳಕ್ಕೆ ತಳ್ಳಿ ತಳ್ಳಿ 2016ರಲ್ಲಿ 5.8ರ ತನಕ ಹೋಯಿತು. ಹಾಕಿದರೂ ನಡುಗುತ್ತದೆ, ತೆಗೆದರೂ ನಡುಗುತ್ತದೆ.

ಇಲ್ಲಿ ಶಾಲೆಯಲ್ಲಿ ಮಕ್ಕಳು ಒಂದು ವಿಷಯ ಆರಿಸಿ ತರಗತಿಯ ಮುಂದೆ ಮಾತಾಡಬೇಕು. ಮಗಳು ಈ ಸಲ ಅಮ್ಮನ ಊರಿನ ಭೂಕಂಪ ಅಂದಳು. ಹಾಳೆಯಲ್ಲಿ ಐದು ಪ್ರಶ್ನೆ ಬರೆದುಕೊಂಡು ಬಂದಳು. ಯಾವಾಗ ಆಯಿತು, ಎಷ್ಟು ದೊಡ್ಡದು, ಯಾರು ಮಾಡಿದರು, ಎಷ್ಟು ಮನೆ ಬಿರುಕು ಬಿಟ್ಟಿತು, ಯಾರು ದುಡ್ಡು ಕೊಟ್ಟರು. ಈ ಪ್ರಾಂತ್ಯದ ಮಗುವಿಗೆ ಇವು ಸಹಜ ಪ್ರಶ್ನೆಗಳು. 2016ರ ಕೊನೆಯಿಂದ ಇಲ್ಲಿನ ಕಾನೂನು ಹೇಗಿದೆ ಅಂದರೆ, ಬಿರುಕು ಗ್ಯಾಸಿನಿಂದಲೇ ಆದದ್ದು ಅಂತ ಮೊದಲೇ ಹಿಡಿಯುತ್ತಾರೆ. ಅಲ್ಲ ಅನ್ನುವವರು ಸಾಬೀತು ಮಾಡಬೇಕು. ಅಜ್ಜಿಯ ಫೈಲಿನಲ್ಲಿ ಹಣ ಬಂದ ಕಾಗದ ಇರುವುದು ಅದರ ನಂತರವೇ.

ಕಿಲ್ಲಾರಿ ಬೇಡ ಅನಿಸಿತು. ಸಣ್ಣವ್ವನ ಊರಿನದು ಹೇಳು ಅಂದೆ. ನಮ್ಮ ಸಣ್ಣವ್ವನನ್ನು ಕೊಟ್ಟಿರುವುದು ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರಕ್ಕೆ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಮೇಲಿಂದ ಮೇಲೆ ನಡುಕ, ದೊಡ್ಡದು 4ರ ಆಸುಪಾಸು. ನೆಲದೊಳಗಿನ ಗುಡುಗುಡು ಸದ್ದಿಗೆ ಹೆದರಿ ಸುಮಾರು ಜನ ಊರು ಬಿಟ್ಟರು. ಉಳಿದವರು ಬಯಲಲ್ಲಿ ತಾಡಪತ್ರಿ ಹಾಕಿ ಮಲಗಿದರು. ಜೋರು ಮಳೆಯ ನೀರು ಸುಣ್ಣದ ಕಲ್ಲಿನ ಪದರಗಳಿಗೆ ಇಳಿದು ಹೀಗಾಗಿದೆ, ಹೆದರಬೇಡಿ ಅಂತ ತಿಳಿದವರು ಹೇಳಿದರು. ಅದು ನಿಜವೇ ಇರಬಹುದು. ಆದರೆ ಇಲ್ಲಿ 3.4 ಆದ ಬೆಳಿಗ್ಗೆ ಬಿರುಕು ಅಳೆಯುವ ಮಾತು ಶುರುವಾಗುತ್ತದೆ. ಅಲ್ಲಿ ಮಾತು ಹೆದರಬೇಡಿ ಅನ್ನುವಲ್ಲಿಗೆ ಮುಗಿಯಿತು.

ಭಾನುವಾರ ಸಣ್ಣವ್ವನಿಗೆ ವಿಡಿಯೋ ಕರೆ ಮಾಡಿದೆವು. ಮಗಳು ಹಾಳೆ ನೋಡಿಕೊಂಡು ಒಂದೊಂದೇ ಕೇಳಿದಳು. ಯಾರು ಮಾಡಿದ್ದು ಅಂದಾಗ ಸಣ್ಣವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಮಳಿ ಮಾಡೇದ ಅಂತಾರವ್ವ. ಯಾರ್ ಕೇಳ್ಯಾರ ಮಳಿಗಿ."

"ಆಯಿ, ನಿಮ್ಮ ಮನಿ ಬಿರುಕು ಬಿಟ್ಟದ ಏನು?"

"ಬಿಟ್ಟದ. ಮನಿ ಬಿದ್ದಿಲ್ಲಲ್ಲ ತಾಯಿ, ಬರೀ ಬಿರುಕು ಯಾರ್ ಬರಕೋತಾರ?"

"ನಾ ಬರಕೋತೀನಿ" ಅಂದಳು ಮಗಳು.

ಸಣ್ಣವ್ವ ಫೋನು ಹಿಡಿದು ಒಳಗೆ ನಡೆದಳು. ಒಲೆಯ ಹಿಂದಿನ ಗೋಡೆಗೆ ಕ್ಯಾಲೆಂಡರ್ ತೂಗುಬಿಟ್ಟಿತ್ತು. ಅದನ್ನು ಪಕ್ಕಕ್ಕೆ ಸರಿಸಿದಳು. ಮೊಳೆಯಿಂದ ನೆಲದ ತನಕ ಕಪ್ಪು ಗೆರೆ. ನಾಲ್ಕು ವರ್ಷದಿಂದ ಆ ಮನೆಗೆ ಹೋಗಿ ಬಂದಿದ್ದೇನೆ, ಅದೇ ಒಲೆಯ ಮುಂದೆ ಕೂತು ಉಂಡಿದ್ದೇನೆ. ಆ ಕ್ಯಾಲೆಂಡರ್ ಹಿಂದೆ ಏನಿದೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

"ಅಗಲ ಎಷ್ಟದ, ಸ್ಕೇಲ್ ಹಿಡೀರಿ ಆಯಿ" ಅಂದಳು ಮಗಳು.

ಮೊಮ್ಮಗನ ಕಂಪಾಸು ಪೆಟ್ಟಿಗೆಯಿಂದ ಸ್ಕೇಲ್ ಬಂತು. ಸಣ್ಣವ್ವನಿಗೆ ಸಣ್ಣ ಗೀಟು ಕಾಣುವುದಿಲ್ಲ. ಹುಡುಗನನ್ನು ಕೂಗಿದಳು. ಅವನು ಓಡಿ ಬಂದು, ಗೋಡೆಗೆ ಮುಖ ಹಚ್ಚಿ ಎಣಿಸಿದ.

"ನಾಕು ಮಿಲಿಮೀಟರ್. ಕೆಳಗ ಐದು ಅದ."

ಮಗಳು ಎರಡನ್ನೂ ಬರೆದುಕೊಂಡಳು. ಪಕ್ಕದಲ್ಲಿ ಅವತ್ತಿನ ತಾರೀಖು ಹಾಕಿದಳು.