ಹಾಫ್ನರ್ ಅಂದರೆ ಬಂದರಿನವರಲ್ಲ

ನಮ್ಮ ಅತ್ತೆ ಅಮೆರಿಕದ ಓಹಾಯೋದವರು. ಮನೆತನದ ಹೆಸರು ಹಾಫ್ನರ್. ಜರ್ಮನ್‌ನಲ್ಲಿ ಹಾಫನ್ ಅಂದರೆ ಬಂದರು. ಹಾಗಾಗಿ ಜರ್ಮನಿಯಿಂದ ಬಂದ ಹಿರಿಯಜ್ಜ ಉತ್ತರದ ಹ್ಯಾಂಬರ್ಗ್ ಬಂದರಿನ ಕೂಲಿಯಾಗಿದ್ದ ಅಂತ ಮೂರು ತಲೆಮಾರಿನಿಂದ ಅವರ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ಅತ್ತೆ ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಬಂದಾಗ ಮೇಲಿನ ಮಹಡಿಯ ಅಜ್ಜಿ ಈ ಕಥೆ ಕೇಳಿ ತಲೆ ಅಲ್ಲಾಡಿಸಿಬಿಟ್ಟರು. ಇಲ್ಲಿ ದಕ್ಷಿಣ ಜರ್ಮನಿಯ ಮಾತಿನಲ್ಲಿ ಹಾಫನ್ ಅಂದರೆ ಮಡಕೆಯಂತೆ, ಹಾಫ್ನರ್ ಅಂದರೆ ಕುಂಬಾರ. ಅದೇ ಕೆಲಸದವನಿಗೆ ಪೂರ್ವದ ಕಡೆ ಟೋಪ್‌ಫರ್ ಅಂತಾರೆ, ರೈನ್ ನದಿಯ ಕಡೆ ಆಯ್ಲರ್. ಹೆಸರೇ ಊರಿನ ದಿಕ್ಕು ಹೇಳುತ್ತಿತ್ತು, ನಾವೇ ಉತ್ತರಕ್ಕೆ ಮುಖ ಮಾಡಿ ಕೂತಿದ್ದೆವು.

ಮರುದಿನ ಬೆಳಿಗ್ಗೆಯಿಂದ ಕಂಪ್ಯೂಟರ್ ಮುಂದೆ ಕೂತೆವು. ಜರ್ಮನಿಯಲ್ಲಿ ಎಲ್ಲ ಕಡೆ ಸರ್ಕಾರಿ ಜನನ ನೋಂದಣಿ ಬಂದಿದ್ದು 1876ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಈ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ 1558ರಿಂದಲೇ ದೀಕ್ಷಾಸ್ನಾನ ಬರೆದಿಡಬೇಕು ಅಂತ ಕಟ್ಟಳೆ ಇತ್ತು. ಆದರೆ ಕುರೆಂಟ್ ಅನ್ನೋ ಆ ಹಳೇ ಜರ್ಮನ್ ಕೈಬರಹ ಓದೋದು ಇದೆಯಲ್ಲ, ಅದರಲ್ಲಿ ಇ ಅಕ್ಷರ ಎನ್ ಥರ ಕಾಣುತ್ತೆ, ಒಂದು ಸಾಲಿಗೆ ಹತ್ತು ನಿಮಿಷ ಬೇಕು. ಕಣ್ಣು ಉರಿಯುತ್ತಿತ್ತು. ಮೂರು ಹಳ್ಳಿಯ ಪುಸ್ತಕ ದಾಟಿ ನಾಲ್ಕನೆಯದರಲ್ಲಿ ಹಿರಿಯಜ್ಜ ಸಿಕ್ಕ. 1832ರಲ್ಲಿ ಹುಟ್ಟಿದವನು. ಕುಟುಂಬದ ಪುಟದಲ್ಲಿ ಅವನ ಹೆಸರಿನ ಪಕ್ಕ ಎರಡೇ ಪದ: ಅಮೆರಿಕಕ್ಕೆ, 1854.

ಆದರೆ ಅವನ ಅಪ್ಪನ ಕಸುಬು ಅಂತ ಬರೆದಿದ್ದು ವೈನ್‌ಗೇರ್ಟ್‌ನರ್, ಅಂದರೆ ದ್ರಾಕ್ಷಿ ತೋಟದವನು. ಅತ್ತೆಯ ಮುಖ ಬಾಡಿತು. "ಹಾಗಾದರೆ ಇವರು ನಮ್ಮವರಲ್ವಾ?" ಅಂದರು. ನನಗೆ ಮಾತ್ರ ಅದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ಲ. ನನ್ನ ತವರಿನ ಅಡ್ಡಹೆಸರು ಬಡಿಗೇರ. ಅಪ್ಪ ಹುಬ್ಬಳ್ಳಿಯಲ್ಲಿ ಶಾಲಾ ಮಾಸ್ತರು, ಉಳಿ ಹಿಡಿದವರೇ ಅಲ್ಲ. ಹೆಸರು ನಿಲ್ಲುತ್ತೆ, ಕೆಲಸ ಬೇರೆ ಆಗುತ್ತೆ ಅಂತ ಅತ್ತೆಗೆ ಬಿಡಿಸಿ ಹೇಳಿದೆ. ಇಲ್ಲಿ ಇಂಥ ಹೆಸರುಗಳು ಗಟ್ಟಿಯಾಗಿದ್ದು ಚರ್ಚಿನ ಪುಸ್ತಕಗಳಿಗಿಂತಲೂ ಮೊದಲು. ಹಾಗಾಗಿ ನಿಜವಾಗಿ ಚಕ್ರ ತಿರುಗಿಸಿದ ಆ ಮೊದಲ ಅಜ್ಜ ಯಾವ ಪುಟದಲ್ಲೂ ಸಿಗೋದಿಲ್ಲ.

ಸಂಜೆ ಆ ಹಳ್ಳಿಗೇ ಹೋದೆವು. ಊಟದ ಮನೆಯ ಮೂಲೆಯಲ್ಲಿ ಹಸಿರು ಹೆಂಚಿನ ದೊಡ್ಡ ಒಲೆ, ಚಳಿಗೆ ಉರಿಸೋದು. ಇಂಥದನ್ನು ಕಟ್ಟುವವನಿಗೆ ಈ ಕಡೆ ಈಗಲೂ ಹಾಫ್ನರ್ ಅಂತಲೇ ಹೆಸರು. ಅತ್ತೆ ಊಟ ಬರುವವರೆಗೂ ಬೆಚ್ಚಗಿನ ಹೆಂಚಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.