ಪತಂಗ ನೋಡಲು ಯಾವ ದೀಪ ತರಬೇಕು?

ಮಂಗಳೂರು, ಉಡುಪಿ ಕಡೆ ಮನೆಯಂಗಳದ ಪತಂಗಗಳನ್ನು ಗುರುತಿಸಿ ದಾಖಲಿಸಲು ಹೊರಟವರೆಲ್ಲ ಮೊದಲು ಕೇಳುವುದು ಈ ಪ್ರಶ್ನೆಯನ್ನೇ. ನಮ್ಮ ಉತ್ತರ: ಮೊದಲ ಮೂರು ತಿಂಗಳು ಏನೂ ತರಬೇಡಿ. ಜಗಲಿಯ ದೀಪ, ಅದರ ಹಿಂದಿನ ಬಿಳಿ ಗೋಡೆ, ಒಂದು ನೋಟ್‌ಪುಸ್ತಕ, ಕೈಯಲ್ಲಿರುವ ಮೊಬೈಲು ಸಾಕು. ದುಬಾರಿ ದೀಪ ತಂದು, ನೂರಾರು ಫೋಟೊ ತೆಗೆದು, ಯಾವುದು ಯಾವ ರಾತ್ರಿಯದು ಎಂದು ಗೊತ್ತಾಗದೆ ಕೈಬಿಟ್ಟವರು ಬಹಳ.

ಮೂರು ತಿಂಗಳ ಮೇಲೂ ಆಸೆ ಉಳಿದಿದ್ದರೆ ದೀಪದ ಮಾತಾಡೋಣ. ಪತಂಗದ ಕಣ್ಣನ್ನು ಹೆಚ್ಚು ಸೆಳೆಯುವುದು ಅತಿನೇರಳೆ (ಯುವಿ) ಕಿರಣ. ಮನೆಯ ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 365ರಿಂದ 395 ನ್ಯಾನೊಮೀಟರ್ ಎಂದು ಬರೆದಿರುವ, 10–20 ವಾಟಿನ ಯುವಿ ಎಲ್‌ಇಡಿ ಫ್ಲಡ್‌ಲೈಟ್ ಒಂದು ಅಂಗಳಕ್ಕೆ ಧಾರಾಳ. ಚೋಕ್ ಬೇಡದ 160 ವಾಟಿನ ಮರ್ಕ್ಯುರಿ ಬಲ್ಬಿಗೆ ಇನ್ನೂ ಹೆಚ್ಚು ಬರುತ್ತವೆ ನಿಜ. ಆದರೆ ಕಾದ ಗಾಜಿಗೆ ಮಳೆಯ ಹನಿ ತಾಗಿದರೆ ಅದು ಒಡೆಯಬಹುದು, ನೆರೆಮನೆಯವರ ನಿದ್ದೆಯೂ ಕೆಡುತ್ತದೆ. ಈ ಎರಡು ದೀಪಗಳನ್ನೂ ಕಣ್ಣಿಟ್ಟು ನೋಡಬಾರದು.

ಪತಂಗ ಬಂದು ಕೂರುವ ಪರದೆಗೆ ಬಿಳಿ ಹತ್ತಿಯ ಮುಂಡು ಒಳ್ಳೆಯದು. ಎರಡು ಅಡಿಕೆ ಮರಗಳ ನಡುವೆ ಹಗ್ಗ ಬಿಗಿದು ತೂಗುಹಾಕಿ, ಕೆಳಗಿನ ಒಂದಡಿಯನ್ನು ನೆಲದ ಮೇಲೆ ಹಾಸಿ. ಎಷ್ಟೋ ಪತಂಗಗಳು ಬಟ್ಟೆಯ ಬುಡದಲ್ಲೇ ಇಳಿಯುತ್ತವೆ, ತುಳಿಯದಂತೆ ನೋಡಿಕೊಳ್ಳಿ. ಅಮಾವಾಸ್ಯೆಯ ಆಚೀಚೆ, ಮೋಡ ಕವಿದು ಸೆಕೆಯಾಗುವ, ಗಾಳಿ ಬಿದ್ದಿರುವ ರಾತ್ರಿ ಆರಿಸಿ. ಬೆಳದಿಂಗಳಲ್ಲಿ ಬರುವುದು ಕಡಿಮೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ರಾಷ್ಟ್ರೀಯ ಪತಂಗ ಸಪ್ತಾಹ ಜುಲೈ ಕೊನೆಗೆ ಬರುತ್ತದೆ. ನಮಗದು ಆಟಿಯ ಮಳೆಗಾಲ. ಆಗ ಪರದೆ ಜಗಲಿಯ ಮಾಡಿನ ಕೆಳಗಿರಲಿ, ವಯರಿನ ಜೋಡಣೆ ಒದ್ದೆ ನೆಲ ಮುಟ್ಟದಿರಲಿ.

ರಾತ್ರಿಯಿಡೀ ದೀಪ ಉರಿಸಬೇಡಿ. ಕೀಟಗಳು ಹಾರುವಾಗ ಬೆನ್ನನ್ನು ಬೆಳಕಿನತ್ತ ತಿರುಗಿಸುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆಕಾಶದ ಬೆಳಕಿದ್ದಾಗ ಮೇಲು ಕೆಳಗು ತಿಳಿಯಲು ಈ ಗುಣ ನೆರವಾಗುತ್ತದೆ. ದೀಪದ ಬಳಿ ಅದೇ ಗುಣ ಅವನ್ನು ಸುತ್ತಿಸಿ ಸುತ್ತಿಸಿ ಅಲ್ಲೇ ಕಟ್ಟಿಹಾಕುತ್ತದೆ. ಅಷ್ಟು ಹೊತ್ತು ಅವಕ್ಕೆ ಆಹಾರವಿಲ್ಲ, ಜೋಡಿಯಿಲ್ಲ. ವಾರಕ್ಕೊಂದು ರಾತ್ರಿ, 7ರಿಂದ 10ರವರೆಗೆ ಸಾಕು. ಮುಗಿದ ಮೇಲೆ ಬಟ್ಟೆಯನ್ನು ಪೊದೆಯ ಮೇಲೆ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟರೆ ರಾತ್ರಿ ಹಲ್ಲಿಗೆ, ಬೆಳಗ್ಗೆ ಪಿಕಳಾರ, ಮಡಿವಾಳ ಹಕ್ಕಿಗೆ ಊಟ.

ಫೋಟೊ ಒಂದು ಪತಂಗಕ್ಕೆ ಮೂರು: ನೇರ ಮೇಲಿನಿಂದ, ಬದಿಯಿಂದ, ಪಕ್ಕದಲ್ಲಿ ಶಾಲೆಯ ಸ್ಕೇಲು ಇಟ್ಟು. ಬಿಳಿ ಬಟ್ಟೆಯನ್ನು ಕಂಡ ಕ್ಯಾಮೆರಾ ಬೆಳಕು ತಗ್ಗಿಸುತ್ತದೆ, ಪತಂಗ ಕಪ್ಪಾಗುತ್ತದೆ. ಮೊಬೈಲಿನ ಪರದೆಯಲ್ಲಿ ಪತಂಗವನ್ನೇ ಮುಟ್ಟಿ ಫೋಕಸ್ ಮಾಡಿ ಬೆಳಕು ತುಸು ಏರಿಸಿ. ಹಿಂದಿನ ರೆಕ್ಕೆ ಕಂಡರೆ ಅದರದೊಂದು ಫೋಟೊ ಹೆಚ್ಚಿಗೆ ಇರಲಿ. ಹಣ್ಣಿನ ರಸ ಹೀರುವ ಯೂಡೊಸಿಮಾ ಪತಂಗ ಕೂತಾಗ ಬರೀ ಒಣ ಎಲೆ. ಕಿತ್ತಳೆ ಬಣ್ಣದ ಮೇಲಿನ ಕಪ್ಪು ಗುರುತು ಇರುವುದು ಹಿಂದಿನ ರೆಕ್ಕೆಯಲ್ಲಿ. ಆದರೆ ಕಡ್ಡಿ ಹಾಕಿ ರೆಕ್ಕೆ ಬಿಡಿಸಬೇಡಿ, ಹುಡಿ ಉದುರಿದರೆ ಗುರುತೂ ಹೋಗುತ್ತದೆ.

ದಾಖಲೆ ಕೆಡುವುದು ಸಾಮಾನ್ಯವಾಗಿ ಫೋಟೊ ತೆಗೆದ ಮೇಲೆ. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದರೆ ಅದರೊಳಗಿನ ಸಮಯ, ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಸ್ಕ್ರೀನ್‌ಶಾಟ್‌ನಲ್ಲಂತೂ ಅದು ಇರುವುದೇ ಇಲ್ಲ. ಮೂಲ ಫೈಲನ್ನೇ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಏರಿಸಿ, ಎರಡೂ ಜನರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳು. ಮನೆಯ ಜಾಗ ತೋರಿಸಲು ಮನಸ್ಸಿಲ್ಲದಿದ್ದರೆ ಐನ್ಯಾಚುರಲಿಸ್ಟ್‌ನಲ್ಲಿ ಅದನ್ನು ಮಸುಕಾಗಿಸುವ ಆಯ್ಕೆಯಿದೆ. ನೋಟ್‌ಪುಸ್ತಕದಲ್ಲಿ ರಾತ್ರಿಯನ್ನು ಎರಡು ತಾರೀಕಿನಿಂದ ಬರೆಯಿರಿ, 21–22 ಎಂದು. ಇಲ್ಲದಿದ್ದರೆ ಹನ್ನೆರಡರ ನಂತರ ಜಗಲಿಯಲ್ಲಿ ಕಂಡದ್ದು ಬೇರೆ ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ. ದೀಪ ಯಾವುದು, ಎಷ್ಟು ಹೊತ್ತು ಉರಿಯಿತು, ಮಳೆ ಬಂತೇ ಎಂಬುದೂ ಬೇಕು. ಒಂದೂ ಬಾರದ ರಾತ್ರಿಯನ್ನು ಬಿಡದೆ ಬರೆಯಿರಿ. ಈ ವರ್ಷವನ್ನು ಮುಂದಿನ ವರ್ಷದೊಡನೆ ಹೋಲಿಸಬೇಕಾದರೆ ಆ ಸೊನ್ನೆಗಳಿಲ್ಲದೆ ಆಗುವುದಿಲ್ಲ.

ಹೆಸರಿಗೆ ಅವಸರ ಬೇಡ. ಭಾರತದಲ್ಲಿ ಪತಂಗಗಳು ಹತ್ತು ಸಾವಿರ ಪ್ರಭೇದಗಳಿಗೂ ಹೆಚ್ಚು. ಅನೇಕವನ್ನು ಜನನಾಂಗ ಪರೀಕ್ಷಿಸದೆ ಖಚಿತ ಹೇಳಲಾಗದು. ಕುಟುಂಬದ ಮಟ್ಟಕ್ಕೆ ನಿಲ್ಲಿಸಿದ ದಾಖಲೆ ತಪ್ಪು ಹೆಸರಿನದಕ್ಕಿಂತ ಎಷ್ಟೋ ಮೇಲು.

ದೀಪವೇ ಬೇಡದ ಇನ್ನೊಂದು ದಾರಿಯಿದೆ, ನಮಗೆ ಅದೇ ಹೆಚ್ಚು ಇಷ್ಟ: ಪತಂಗದ ಹುಳು ಸಾಕುವುದು. ನಂದಿಬಟ್ಟಲು, ಕಣಗಿಲೆಯ ಎಲೆ ತಿಂದು ಹೋದ ಗುರುತು ಕಂಡರೆ ಕೆಳಗೆ ಕಪ್ಪು ಹಿಕ್ಕೆ ಹುಡುಕಿ, ಅದರ ನೇರ ಮೇಲೆ ನೋಡಿ. ಹಸಿರು ಮೈ, ತಲೆಯ ಹಿಂದೆ ನೀಲಿ ಕಣ್ಣಿನಂಥ ಚುಕ್ಕೆ, ಬಾಲದಲ್ಲಿ ಪುಟ್ಟ ಕೊಂಬು ಇದ್ದರೆ ಅದು ಡಾಫ್ನಿಸ್ ನೀರಿಯೈ ಎಂಬ ಪತಂಗದ ಹುಳು. ಮುಳ್ಳು, ರೋಮ ಇರುವ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ತೆಂಗಿನ ಗರಿಯ ಹಸಿರು ಮುಳ್ಳುಹುಳು ತಾಗಿದರೆ ಉರಿ ತಡೆಯಲಾಗದು. ಒಂದು ಡಬ್ಬಿಗೆ ಒಂದೇ ಹುಳು, ಬಾಯಿಗೆ ತೆಳು ಬಟ್ಟೆ, ರಬ್ಬರ್‌ಬ್ಯಾಂಡ್. ಮುಚ್ಚಳ ಹಾಕಿದರೆ ನಮ್ಮ ಕರಾವಳಿಯ ತೇವಕ್ಕೆ ಒಳಗೆ ನೀರು ಕಟ್ಟಿ ಬೂಷ್ಟು ಹಿಡಿಯುತ್ತದೆ. ಅದೇ ಗಿಡದ ಹೊಸ ಎಲೆ ದಿನವೂ ಹಾಕಿ, ಹಿಕ್ಕೆ ತೆಗೆಯಿರಿ. ಹುಳು ಕಂದಾಗಿ ಅತ್ತಿತ್ತ ಓಡಾಡತೊಡಗಿದರೆ ಕೋಶವಾಗುವ ಹೊತ್ತು. ಎರಡು ಇಂಚು ಮಣ್ಣು, ಮೇಲೆ ಒಣ ಎಲೆ ಹಾಕಿ. ಒರಟು ತೊಗಟೆಯ ಕಡ್ಡಿಯೊಂದನ್ನು ಓರೆಯಾಗಿ ಇಡಲು ಮರೆಯಬೇಡಿ. ಹೊರಬಂದ ಪತಂಗ ಹತ್ತಿ ತೂಗಿಕೊಳ್ಳಲು ಏನೂ ಸಿಗದಿದ್ದರೆ ರೆಕ್ಕೆ ಮುದುಡಿಯೇ ಒಣಗುತ್ತದೆ, ಆಮೇಲೆ ಅದು ಹಾರಲಾರದು.

ಕೆಲವೊಮ್ಮೆ ಕೋಶದಿಂದ ಪತಂಗದ ಬದಲು, ಹುಳುವಿನೊಳಗೇ ಬೆಳೆದ ಸಣ್ಣ ಕಣಜವೋ ನೊಣವೋ ಹೊರಬರುತ್ತದೆ. ಎಸೆಯಬೇಡಿ. ಗಿಡದ ಹೆಸರು, ಹುಳುವಿನ ಫೋಟೊ, ಹೊರಬಂದ ತಾರೀಕು ಜೊತೆಗಿಟ್ಟು ಅದನ್ನೂ ದಾಖಲಿಸಿ.