1848ರ ಎರಡು ಮಾರ್ಚ್‌ಗಳು

1 ಜನವರಿ 2025, ಬುಧವಾರ

ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಹೊಸವರ್ಷದ ಕಛೇರಿ ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಆರಂಭವಾಗುತ್ತದೆ. ವಿಯೆನ್ನಾದ ನೃತ್ಯಸಂಗೀತ ರಚನಕಾರ ಎರಡನೆಯ ಯೋಹಾನ್ ಸ್ಟ್ರಾಸ್ ಹುಟ್ಟಿ ಈ ಅಕ್ಟೋಬರಿಗೆ 200 ವರ್ಷ ತುಂಬುವುದರಿಂದ ಇಂದಿನ ಬಹುಪಾಲು ರಚನೆಗಳು ಅವನವೇ ಆಗಿದ್ದವು. ಆದರೂ ವೃಂದವನ್ನು ಕೈಸನ್ನೆಯಿಂದ ನಡೆಸುವ ಸಂಚಾಲಕ ರಿಕಾರ್ಡೊ ಮುಟಿ ಕಛೇರಿಯನ್ನು ಆರಂಭಿಸಿದ್ದು ಮಗನಿಂದಲ್ಲ, ಅಪ್ಪ ಮೊದಲನೆಯ ಸ್ಟ್ರಾಸ್ ಬರೆದ ‘ಸ್ವಾತಂತ್ರ್ಯದ ಮಾರ್ಚ್’ ಎಂಬ ಸೈನಿಕ ನಡಿಗೆಯ ಲಯದ ರಚನೆಯಿಂದ, ಮುಗಿಸಿದ್ದು, ವಾಡಿಕೆಯಂತೆ, ಅದೇ ಅಪ್ಪನ ‘ರಾಡೆಟ್ಸ್ಕಿ ಮಾರ್ಚ್’ನಿಂದ. ಎರಡೂ 1848ರ ರಚನೆಗಳು. ಒಂದರ ಕೃತಿಸಂಖ್ಯೆ 226, ಇನ್ನೊಂದರದು 228.

ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ವಿಯೆನ್ನಾದ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದು, ದಶಕಗಳ ಕಾಲ ಆಡಳಿತವನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದ ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಕ್ ಅಧಿಕಾರ ಬಿಟ್ಟು ಓಡಿಹೋಗುವಂತೆ ಮಾಡಿದರು. ಅಪ್ಪ ಸ್ಟ್ರಾಸ್ ಸ್ವಾತಂತ್ರ್ಯದ ಹೆಸರಿನಲ್ಲಿ ಮಾರ್ಚ್ ಬರೆದದ್ದು ಆ ಉತ್ಸಾಹದ ದಿನಗಳಲ್ಲಿ. ಅದೇ ಮಾರ್ಚ್ ತಿಂಗಳಿನಲ್ಲಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಇಟಲಿಯ ಮಿಲಾನ್ ನಗರದ ಜನ ಐದು ದಿನ ಹೋರಾಡಿ ಆಸ್ಟ್ರಿಯಾದ ಸೇನೆಯನ್ನು ಹೊರಗಟ್ಟಿದ್ದರು. ಎಂಬತ್ತು ದಾಟಿದ್ದ ಆಸ್ಟ್ರಿಯಾದ ಸೇನಾಪತಿ ರಾಡೆಟ್ಸ್ಕಿ ಜುಲೈಯಲ್ಲಿ ಕುಸ್ತೋಜಾದಲ್ಲಿ ಗೆದ್ದು, ಆಗಸ್ಟ್‌ನಲ್ಲಿ ಮಿಲಾನನ್ನು ಮತ್ತೆ ವಶಪಡಿಸಿಕೊಂಡ. ಆಗಸ್ಟ್ 31ರಂದು ಅಪ್ಪನ ವಾದ್ಯವೃಂದ ಆ ವಿಜಯದ ಮಾರ್ಚನ್ನು ಮೊದಲ ಬಾರಿ ನುಡಿಸಿತು. ಮಗನಾದರೋ ವಿದ್ಯಾರ್ಥಿಗಳ ಪರವಾಗಿದ್ದ; ಫ್ರೆಂಚ್ ಕ್ರಾಂತಿಗೀತೆ ‘ಮಾರ್ಸೆಯೇಸ್’ ನುಡಿಸಿದ್ದಕ್ಕಾಗಿ ಪೊಲೀಸರ ವಿಚಾರಣೆಯನ್ನೂ ಎದುರಿಸಿದ.

ಅಪ್ಪನನ್ನು ಗಾಳಿ ಬಂದಾಗ ತೂರಿಕೊಂಡವನೆಂದು ತಳ್ಳಿಹಾಕುವುದು ಸುಲಭ. ಆದರೆ ನೃತ್ಯಶಾಲೆಗಳನ್ನು ನಂಬಿ ಬದುಕುವ ವಾದ್ಯಗಾರ ಕುಣಿಯುವವರ ಮನಸ್ಸನ್ನು ಓದಲೇಬೇಕಿತ್ತು, ಮತ್ತು ಆ ಬೇಸಿಗೆಯಲ್ಲಿ ವಿಯೆನ್ನಾದ ಮನಸ್ಸೇ ಎರಡಾಗಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಮುಟಿ. ಅವರು ನೇಪಲ್ಸ್‌ನವರು, ಮಿಲಾನಿನ ಲಾ ಸ್ಕಾಲಾ ರಂಗಮಂದಿರದ ಸಂಗೀತ ನಿರ್ದೇಶಕರಾಗಿ 1986ರಿಂದ 2005ರವರೆಗೆ ದುಡಿದವರು. ಮಿಲಾನನ್ನು ಮಣಿಸಿದ ಸೇನಾಪತಿಯ ಮಾರ್ಚಿಗೆ ಅವರು ಸಭಿಕರ ಕಡೆ ತಿರುಗಿ, ಎಲ್ಲಿ ಮೆಲ್ಲಗೆ ಎಲ್ಲಿ ಜೋರಾಗಿ ಚಪ್ಪಾಳೆ ತಟ್ಟಬೇಕೆಂದು ಕೈಸನ್ನೆಯಲ್ಲೇ ತೋರಿಸುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಕಛೇರಿಯ ಎರಡು ತುದಿಗಳಲ್ಲಿ ಆ ಎರಡು ಮಾರ್ಚ್‌ಗಳನ್ನು ಇಟ್ಟದ್ದು ಕಾಕತಾಳೀಯವೆಂದು ನಾನಂತೂ ನಂಬಲಾರೆ.

ಕಛೇರಿಯ ಮೊದಲ ಭಾಗದಲ್ಲಿ ಮಗನ ‘ಡೆಮೊಲಿರರ್ ಪೋಲ್ಕಾ’ ಎಂಬ ಚುರುಕು ಲಯದ ನೃತ್ಯಸಂಗೀತ ಇತ್ತು. ಚಕ್ರವರ್ತಿ ಫ್ರಾನ್ಸ್ ಯೋಸೆಫ್ 1857ರಲ್ಲಿ ಹೊರಡಿಸಿದ ಆಜ್ಞೆಯಂತೆ ವಿಯೆನ್ನಾದ ಹಳೆಯ ಕೋಟೆಗೋಡೆಗಳನ್ನು ಕೆಡವುತ್ತಿದ್ದಾಗ, ಆ ಕೆಡವುವವರ ಹೆಸರಿನಲ್ಲಿಯೇ ಹುಟ್ಟಿದ ಕುಣಿತ ಅದು. ಗೋಡೆ ಹೋಗಿ ತೆರವಾದ ಜಾಗದಲ್ಲಿ ಎದ್ದ ಕಟ್ಟಡಗಳಲ್ಲಿ, ಥಿಯೋಫಿಲ್ ಹಾನ್ಸೆನ್ ವಿನ್ಯಾಸದ, 1870ರ ಜನವರಿಯಲ್ಲಿ ತೆರೆದ, ಈ ಕಛೇರಿ ನಡೆಯುವ ಮ್ಯೂಸಿಕ್‌ಫೆರೈನ್ ಕೂಡ ಒಂದು. ಅದರ ಚಿನ್ನದ ಬಣ್ಣದ ಸಭಾಂಗಣದಲ್ಲಿ ಕುಳಿತು ಆ ಪೋಲ್ಕಾ ಕೇಳುವ ಭಾಗ್ಯವೇ ಬೇರೆ.

ಈ ಚಿನ್ನ, ಹೂವು, ಬ್ಯಾಲೆ ಎಲ್ಲವನ್ನೂ ದೂರದರ್ಶನದ ಕ್ಯಾಮೆರಾ ಎಷ್ಟು ಹಿತವಾಗಿ ಸವರಿಕೊಂಡು ಹೋಗುತ್ತದೆಂದರೆ, ಇದು ಚಕ್ರವರ್ತಿಗಳ ಕಾಲದಿಂದ ನಡೆದುಬಂದ ಪದ್ಧತಿಯೆಂದೇ ನೋಡುವವರು ತಿಳಿಯುತ್ತಾರೆ. ವಾಸ್ತವವಾಗಿ ಮೊದಲ ಕಛೇರಿ ನಡೆದದ್ದು 1939ರ ಡಿಸೆಂಬರ್ 31ರಂದು. ಆಸ್ಟ್ರಿಯಾ ಆಗಲೇ ಹಿಟ್ಲರನ ಜರ್ಮನಿಯೊಳಗೆ ಸೇರಿಹೋಗಿತ್ತು, ಯುದ್ಧ ಶುರುವಾಗಿತ್ತು. ಕ್ಲೆಮೆನ್ಸ್ ಕ್ರೌಸ್ ಸಂಚಾಲಕರಾಗಿದ್ದ ಆ ಕಛೇರಿಯ ಹಣ ನಾಜಿಗಳ ಚಳಿಗಾಲದ ಪರಿಹಾರನಿಧಿಗೆ ಹೋಯಿತು. ಸ್ಟ್ರಾಸ್ ಮನೆತನದ ಪೂರ್ವಜನೊಬ್ಬ ಕ್ರೈಸ್ತನಾದ ಯಹೂದಿ ಎಂಬ ನಮೂದು ಸಂತ ಸ್ಟೀಫನ್ ಚರ್ಚಿನ 1762ರ ವಿವಾಹ ದಾಖಲೆಯಲ್ಲಿತ್ತು. ಆ ನಮೂದನ್ನು ಬಿಟ್ಟು ಖೋಟಾ ಪ್ರತಿ ಮಾಡಿಸುವಷ್ಟರ ಮಟ್ಟಿಗೆ ಆ ಆಡಳಿತಕ್ಕೆ ಈ ಸಂಗೀತ ಬೇಕಾಗಿತ್ತು. ಸಂಗೀತಗಾರರು ಬೇಡವಾಗಿದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದೇ ವೃಂದದ ಮುಖ್ಯ ಪಿಟೀಲುವಾದಕರಾಗಿದ್ದ ಆರ್ನಾಲ್ಡ್ ರೋಸೆ ಯಹೂದಿಯಾಗಿದ್ದ ಕಾರಣಕ್ಕೆ 1938ರಲ್ಲಿ ಸ್ಥಾನ ಕಳೆದುಕೊಂಡು ಲಂಡನ್ನಿಗೆ ಹೋಗಬೇಕಾಯಿತು. ಅವರ ಮಗಳು ಆಲ್ಮಾ ನಾಜಿಗಳ ಮರಣಶಿಬಿರವಾದ ಆಶ್‌ವಿಟ್ಸ್‌ನಲ್ಲಿ ಕೈದಿಗಳಾಗಿದ್ದ ಹೆಂಗಸರ ವಾದ್ಯವೃಂದವನ್ನು ನಡೆಸಿ, 1944ರಲ್ಲಿ ಅಲ್ಲಿಯೇ ತೀರಿಕೊಂಡರು. 1942ರ ಹೊತ್ತಿಗೆ ಫಿಲ್‌ಹಾರ್ಮೋನಿಕ್‌ನ ವಾದಕರಲ್ಲಿ ಅರ್ಧದಷ್ಟು ಮಂದಿ ನಾಜಿ ಪಕ್ಷದ ಸದಸ್ಯರಾಗಿದ್ದರೆಂಬುದನ್ನು ವೃಂದವೇ ಇತಿಹಾಸಕಾರರಿಂದ ಬರೆಸಿ 2013ರಲ್ಲಿ ಬಹಿರಂಗಪಡಿಸಿತು. ತಡವಾಯಿತು ನಿಜ, ಆದರೆ ಬರೆಸಿದ್ದನ್ನು ಮುಚ್ಚಿಡಲಿಲ್ಲ. ‘ರಾಡೆಟ್ಸ್ಕಿ ಮಾರ್ಚ್’ನ ಹಳೆಯ ವಾದ್ಯ ಸಂಯೋಜನೆ ಮಾಡಿದ್ದ ಲಿಯೋಪೋಲ್ಡ್ ವೆನಿಂಗರ್ ಕೂಡ ನಾಜಿ ಪಕ್ಷದವನೇ ಆಗಿದ್ದುದರಿಂದ 2020ರಿಂದ ಬೇರೆ ಸಂಯೋಜನೆಯನ್ನು ನುಡಿಸುತ್ತಾರೆ. ಚಪ್ಪಾಳೆ ತಟ್ಟುವವರಿಗೆ ಅದರ ವ್ಯತ್ಯಾಸ ಬಹುಶಃ ಕೇಳಿಸುವುದೇ ಇಲ್ಲ.

ಮಗ ಸ್ಟ್ರಾಸ್‌ನ ಪ್ರಸಿದ್ಧ ವಾಲ್ಟ್ಸ್ ನೃತ್ಯಸಂಗೀತ ‘ನೀಲಿ ಡ್ಯಾನ್ಯೂಬ್’ನ ಆರಂಭದ ಸಣ್ಣ ನಾಟಕ ಪ್ರತಿ ವರ್ಷವೂ ನನಗೆ ಇಷ್ಟ: ಪಿಟೀಲುಗಳ ನಡುಕದ ಸ್ವರ ಕೇಳಿದೊಡನೆ ಸಭಿಕರು ಚಪ್ಪಾಳೆಯಿಂದ ಅದನ್ನು ತಡೆಯುತ್ತಾರೆ, ವಾದಕರೆಲ್ಲ ಒಟ್ಟಾಗಿ ಹೊಸವರ್ಷದ ಶುಭಾಶಯ ಕೂಗುತ್ತಾರೆ, ಬಳಿಕ ನಡುಕ ಮೊದಲಿನಿಂದ ಶುರುವಾಗುತ್ತದೆ. ಜರ್ಮನ್ ರಾಜ್ಯವಾದ ಪ್ರಷ್ಯಾದ ಎದುರು ಯುದ್ಧದಲ್ಲಿ ಆಸ್ಟ್ರಿಯಾ ಸೋತ ಮರುವರ್ಷ, 1867ರಲ್ಲಿ, ಇದನ್ನು ಗಂಡಸರ ಗಾಯಕವೃಂದ ಮೊದಲು ಹಾಡಿದಾಗ ಇದ್ದ ಸಾಹಿತ್ಯ ಆ ಸಪ್ಪೆಮೋರೆಯ ಊರನ್ನು ಗೇಲಿ ಮಾಡುವಂಥದ್ದು. ಈಗ ಅದು ಯಾರಿಗೂ ನೆನಪಿಲ್ಲ, ಬೇಕಾಗಿಯೂ ಇಲ್ಲ.

ಇಂದಿನ ನಿಜವಾದ ಹೊಸತು ಕೊನ್‌ಸ್ಟಾನ್ಸ್ ಗೈಗರ್ ಎಂಬ ಹತ್ತೊಂಬತ್ತನೆಯ ಶತಮಾನದ ವಿಯೆನ್ನಾ ಹುಡುಗಿಯ ‘ಫರ್ಡಿನಾಂಡುಸ್ ವಾಲ್ಟ್ಸ್’. ಈ ಕಛೇರಿಯಲ್ಲಿ ಹೆಣ್ಣೊಬ್ಬಳ ರಚನೆ ಕೇಳಿಬಂದದ್ದು ಇದೇ ಮೊದಲು. ಹೆಂಗಸರನ್ನು ವೃಂದದ ಸದಸ್ಯರನ್ನಾಗಿ ಸೇರಿಸಿಕೊಳ್ಳಲು 1997ರವರೆಗೆ ಕಾದ ಸಂಸ್ಥೆಯಿಂದ ಇದನ್ನು ಇದಕ್ಕಿಂತ ಬೇಗ ನಿರೀಕ್ಷಿಸುವುದು ಕಷ್ಟವೇ ಆಗಿತ್ತು. ವಾಲ್ಟ್ಸ್ ಅಪೂರ್ವವೇನಲ್ಲ, ಆದರೆ ಸ್ಟ್ರಾಸ್ ಸಹೋದರರ ಎಷ್ಟೋ ಅವಸರದ ಪೋಲ್ಕಾಗಳಿಗಿಂತ ಕಡಿಮೆಯದೂ ಅಲ್ಲ. ಮುಂದಿನ ವರ್ಷದ ಕಛೇರಿ ಕೆನಡಾದ ಯಾನಿಕ್ ನೆಝೆ-ಸೆಗಾನ್ ಅವರದು ಎಂದು ಪ್ರಕಟಿಸಿದ್ದಾರೆ. ಅವರು ಗೈಗರ್ ಒಬ್ಬಳಿಗೇ ನಿಲ್ಲಿಸದೆ ಇನ್ನೊಂದಿಬ್ಬರನ್ನು ಹುಡುಕಿ ತರಲಿ.